ಅಟ್ಟ ತುಂಬಿದ್ದಾಗ ಹಾಡಿದ್ದು

ನಮ್ಮ ಮನೆಯವರೆಲ್ಲ ಕಣ್ಣಿಗಿಂತ ಕಿವಿಯನ್ನು ನಂಬಿದವರು. ಅಪ್ಪ ಕೊಬ್ಬರಿಯ ಮನುಷ್ಯ. ಅಟ್ಟದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದನೆಂದರೆ ಒಳಗೆ ನೀರು ಉಳಿದಿದೆಯೋ, ಇಂಗಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆ ಕಟ್ಟಿದೆಯೋ ಎಲ್ಲ ಹೇಳಿಬಿಡುತ್ತಿದ್ದ. ಅಮ್ಮನಿಗೆ ಸಾಸಿವೆ ಸಿಡಿಯುವ ಸದ್ದಿನಲ್ಲೇ ಎಣ್ಣೆ ಎಷ್ಟು ಕಾದಿದೆ ಎಂದು ಗೊತ್ತಾಗುತ್ತಿತ್ತು. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಶನ್ ಎಂದರೆ ಸಾಕು, ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಆದರೆ ಜಗಲಿಯ ಕಂಬಕ್ಕೆ ಒರಗಿ ಕೂತಳೆಂದರೆ ಬೀದಿಯಲ್ಲಿ ಹೋಗುವವರನ್ನು ಚಪ್ಪಲಿಯ ಸದ್ದಿನಿಂದಲೇ ಗುರುತಿಸಿ, ಹೆಸರು ಹಿಡಿದು ಕರೆದು, ಊರ ಸುದ್ದಿಯನ್ನೆಲ್ಲ ಬಸಿದುಕೊಳ್ಳುತ್ತಿದ್ದಳು. ಅರಸೀಕೆರೆ ಜಂಕ್ಷನ್ನು ಮನೆಯಿಂದ ಕೂಗಳತೆ ದೂರ. ಗಡಿಯಾರ ನಿಂತರೂ ರೈಲು ಯಾವ ದಿಕ್ಕಿನಲ್ಲಿ ಕೂಗಿತು ಎಂಬುದರ ಮೇಲೆ ಅಕ್ಕಿ ತೊಳೆಯುವ ಹೊತ್ತಾಯಿತೆಂದು ಅಮ್ಮ ಏಳುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಿಂದಲೂ ಇದ್ದದ್ದು 'ಯಾಕೆ' ಎನ್ನುವ ರೋಗ. ಸದ್ದು ಕೇಳಿದರೆ ಸಾಲದು, ಅದು ಹಾಗೇ ಯಾಕೆ ಕೇಳಿತು ಎಂದು ಯಾರಾದರೂ ಹೇಳಬೇಕು. ಮುಂದೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿ ಮಕ್ಕಳ ತಲೆ ತಿಂದದ್ದು ಇದೇ ರೋಗ ಉಲ್ಬಣಿಸಿ.

ಮನೆ ಉದ್ದಕ್ಕೆ ಚಾಚಿಕೊಂಡಿತ್ತು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರಾಚೆ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು ಮತ್ತು ಸೇದುವ ಬಾವಿ. ನಡುಮನೆಯ ತಲೆಯ ಮೇಲೆ ಇಡೀ ಅಗಲಕ್ಕೆ ಅಟ್ಟ. ಕಣಕಟ್ಟೆಯ ನಮ್ಮ ತೋಟದಿಂದ ಬಂದ ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಲ್ಲಿಗೆ ಏರಿಸಿದರೆ ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಕೂರಬೇಕು. ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಒಣಗುವವರೆಗೆ ಯಾರೂ ಅದರ ತಂಟೆಗೆ ಹೋಗುವ ಹಾಗಿಲ್ಲ. ಗಾಳಿಯಾಡಲಿ ಎಂದು ಅಟ್ಟದ ನೆಲಕ್ಕೆ ಮರದ ಪಟ್ಟಿಗಳನ್ನು ಬೆರಳಗಲ ಸಂದು ಬಿಟ್ಟು ಜೋಡಿಸಿದ್ದರು. ಮಲಗಿ ಮೇಲೆ ನೋಡಿದರೆ ಸಂದಿನಲ್ಲಿ ಕಾಯಿಗಳ ಹೊಟ್ಟೆ ಕಾಣುತ್ತಿತ್ತು. ಅಟ್ಟ ತುಂಬಿದ ಕಾಲದಲ್ಲಿ ಮನೆಯ ದನಿಯೇ ಬೇರೆ. ತಟ್ಟೆ ಬಿದ್ದರೆ ಠಣ್ ಎನ್ನದೆ ಡಬ್ ಎನ್ನುತ್ತಿತ್ತು. ಅಪ್ಪ ಅಮ್ಮನ ಜಗಳ ಕೂಡ ಪಿಸುಮಾತಿನ ಹಾಗೆ ಒಳಗೇ ಇಂಗಿ ಹೋಗುತ್ತಿತ್ತು. ಕಾಯಿ ಇಳಿಸಿ ಅಟ್ಟ ಖಾಲಿಯಾದ ವಾರದಲ್ಲಿ ಅದೇ ಜಗಳ ಬೀದಿಯ ಕೊನೆಯವರೆಗೂ ಹೋಗುತ್ತಿತ್ತು, ಅಜ್ಜಿ ಜಗಲಿಯಿಂದಲೇ ತೀರ್ಪು ಕೊಡುತ್ತಿದ್ದಳು. ಇಷ್ಟು ಕಿವಿಯುಳ್ಳ ಮನೆಯಲ್ಲಿ ಇದರ ಕಾರಣವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಗಿರಿಜತ್ತೆಯೊಬ್ಬಳಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ, ಯಾಕೆಂದರೆ ಅವಳು ಬಾವಿಕಟ್ಟೆಯಲ್ಲಿ ಹಾಡುತ್ತಿದ್ದಳು, ಅಡುಗೆಮನೆಯಲ್ಲಿ ಹಾಡುತ್ತಿದ್ದಳು, ನಡುಮನೆಯಲ್ಲಿ ಎಂದೂ ಹಾಡುತ್ತಿರಲಿಲ್ಲ.

ಗಿರಿಜತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳು ಒಂದು ಟ್ರಂಕು ಹಿಡಿದು ತವರಿಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕುತ್ತಿಗೆಯಲ್ಲಿ ತಾಳಿ ಇತ್ತು, ಕೈತುಂಬ ಹಸಿರು ಗಾಜಿನ ಬಳೆ ಇದ್ದವು, ಗಂಡ ಮಾತ್ರ ಇರಲಿಲ್ಲ. ಅಮ್ಮನಿಗೂ ಅವಳಿಗೂ ಉಪ್ಪಿನ ಡಬ್ಬಿ ಒಲೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ವಿಷಯಕ್ಕೆ ವರ್ಷಗಟ್ಟಲೆ ಜಗಳ. ಒಬ್ಬಳು ಎಡಕ್ಕಿಟ್ಟರೆ ಇನ್ನೊಬ್ಬಳು ಬಲಕ್ಕಿಡುವಳು. ಆದರೆ ಮದುವೆಯ ಕಾಲ ಬಂತೆಂದರೆ ಅತ್ತೆಯ ಲೆಕ್ಕವೇ ಬದಲಾಗುತ್ತಿತ್ತು. ಕುಂಕುಮದ ಬಟ್ಟಲು ಹಿಡಿದು ಹೆಂಗಸರು ನಮ್ಮ ಬಾಗಿಲಿಗೆ ಬರುತ್ತಿದ್ದರು. ಹಸೆಯ ಹಾಡಿಗೆ ಗಿರಿಜಮ್ಮನೇ ಬೇಕು, ಮೊದಲ ತಾಂಬೂಲ ಗಿರಿಜಮ್ಮನಿಗೇ. ಮದುಮಗಳು ಹಸೆಮಣೆಗೆ ಬರುವ ಮುಂಚೆ ನೆಂಟರ ಹೆಂಗಸರ ನಡುವೆ ಅಡಗಿ ಕೂರುತ್ತಾಳೆ, ಅವಳನ್ನು ಹಾಡಿನಿಂದಲೇ ಕರೆದು ಎಬ್ಬಿಸಬೇಕು. ಅತ್ತೆ ಮೊದಲ ಸಾಲನ್ನು ಮೆಲ್ಲಗೆ ಬಿಟ್ಟು, ಚಪ್ಪರ ಅದನ್ನು ಹೇಗೆ ತೆಗೆದುಕೊಳ್ಳುತ್ತದೆ ಎಂದು ಕೇಳಿಸಿಕೊಂಡು, ಆಮೇಲೆ ದನಿ ಏರಿಸುತ್ತಿದ್ದಳು. ಅವಳು ಒಂದು ಸಾಲು ಹೇಳಿದರೆ ಮಿಕ್ಕ ಹೆಂಗಸರು ಹಿಂದಿನ ದನಿ ಹಿಡಿದು ಅದನ್ನೇ ತಿರುಗಿ ಹೇಳುವರು. ಆ ಸಂದಿನಲ್ಲಿ ಅವಳು ಹುಡುಗಿಯ ಮುಖ ನೋಡುವಳು. ಹುಡುಗಿ ನಾಚಿದರೆ ಒಂದು ಸಾಲು, ಕಣ್ಣೀರು ಹಾಕಿದರೆ ಬೇರೆ ಸಾಲು. ತಾಳ ಹಾಕುವುದು ಬಳೆಗಳ ಕೆಲಸ. ಹೀಗಾಗಿ ಒಂದು ಮದುವೆಯ ಹಾಡು ಇನ್ನೊಂದು ಮದುವೆಯಲ್ಲಿ ಹಾಗೇ ಇದ್ದದ್ದನ್ನು ನಾನು ಎಂದೂ ಕೇಳಿಲ್ಲ. ತವರಿನಲ್ಲಿ ಅತ್ತೆ ತಲೆಯೆತ್ತಿ ಓಡಾಡುತ್ತಿದ್ದದ್ದು ಈ ಹಾಡುಗಳ ಬಲದ ಮೇಲೆ, ಇದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ ಮಂಜಣ್ಣನಿಗೆ ಮದುವೆ ಹಾಡುಗಳ ಒಂದು ಕ್ಯಾಸೆಟ್ ಮಾಡಬೇಕೆಂಬ ಹುಚ್ಚು ಹತ್ತಿತು. ರೆಕಾರ್ಡಿಂಗ್ ಮೆಷಿನ್ನು ತಂದ, ಗಿರಿಜತ್ತೆಯನ್ನು ಒಪ್ಪಿಸಿದ, ಆದರೆ ಜಾಗ ಸಿಗಲಿಲ್ಲ. ಅಂಗಡಿಯಲ್ಲಿ ಬಸ್ಸಿನ ಹಾರನ್ನು. ಕಲ್ಲಿನ ದೇವಸ್ಥಾನದಲ್ಲಿ ಒಂದು ಮಾತಿಗೆ ನಾಲ್ಕು ಮಾತು ತಿರುಗಿ ಬರುತ್ತಿತ್ತು. ಒಂದು ದಿನ ಅಪ್ಪನನ್ನು ಹುಡುಕಿಕೊಂಡು ನಮ್ಮ ನಡುಮನೆಗೆ ಬಂದವನು ಸುಮ್ಮನೆ ಒಮ್ಮೆ ಕೆಮ್ಮಿದ. ನಿಂತ. ಮತ್ತೆ ಬೇಕೆಂದೇ ಕೆಮ್ಮಿದ. ಆಮೇಲೆ ಚಪ್ಪಾಳೆ ತಟ್ಟಿದ. ಸದ್ದು ಹುಟ್ಟಿದಲ್ಲೇ ಸತ್ತಿತು. ಮಂಜಣ್ಣ ಅಟ್ಟದ ಕಡೆ ಮುಖವೆತ್ತಿ ಕೈ ಮುಗಿದ.

"ಅಣ್ಣೋ, ಬೆಂಗ್ಳೂರ್ ಸ್ಟುಡಿಯೋದಲ್ಲಿ ಗೋಡೆಗೆಲ್ಲಾ ನಾರಿನ್ ಹಾಸ್ಗೆ ಬಡೀತಾರೆ. ನಿಮ್ಮನೇಲಿ ಅಟ್ಟದ್ ತುಂಬಾ ನಾರೇ ಐತಲ್ಲಾ! ಇಲ್ಲೇ ಮಾಡಾಣ."

"ಇಲ್ ಬ್ಯಾಡ ಕಣಪ್ಪ," ಅಂದಳು ಗಿರಿಜತ್ತೆ. "ಇಲ್ ಹಾಡುದ್ರೆ ಹಾಡು ಕೆಳಕ್ ಬಿದ್ದೋಯ್ತದೆ."

"ಬೀಳ್ಲಿ ಬಿಡಕ್ಕ, ಕೆಳಗೆ ಮೈಕು ಇಟ್ಟಿರ್ತೀನಿ."

ರೆಕಾರ್ಡಿಂಗಿನ ದಿನ ಮನೆಯಲ್ಲಿ ಸೂತಕದ ಮೌನ. ಮಧ್ಯಾಹ್ನ ಎರಡು ರೈಲುಗಳ ನಡುವೆ ಸಿಗುವ ಹೊತ್ತಿಗೆ ಕಾದು ಕೂತಿದ್ದರು. ಗೋಡೆ ಗಡಿಯಾರದ ಲೋಲಕವನ್ನು ಅಪ್ಪ ನಿಲ್ಲಿಸಿದ. ಕೋಳಿಗಳನ್ನು ಮಂಕರಿಯಡಿ ಮುಚ್ಚಿದರು. ಅಜ್ಜಿಯನ್ನೂ ನನ್ನನ್ನೂ ಪಕ್ಕದ ಮನೆಗೆ ಅಟ್ಟಿದರು, ಅಜ್ಜಿ ಕೆಮ್ಮುತ್ತಾಳೆ, ನಾನು ಪ್ರಶ್ನೆ ಕೇಳುತ್ತೇನೆ ಎಂದು. ಹೋಗುವ ಮುಂಚೆ ದೊಡ್ಡ ರಂಪವಾಯಿತು. ಬಳೆ ಸದ್ದು ಮಾಡುತ್ತವೆ, ತೆಗೆಯಿರಿ ಎಂದ ಮಂಜಣ್ಣ. ಅಜ್ಜಿ ಕೋಲು ಎತ್ತಿಕೊಂಡು ಎದ್ದಳು.

"ಮುತ್ತೈದೆ ಕೈಯಿಂದ ಬಳೆ ತೆಗಿ ಅನ್ನಕ್ಕೆ ಯಾವನ್ಲಾ ನೀನು? ನಿನ್ ಮೆಷಿನ್ ಬಾವಿಗ್ ಹಾಕ!"

ಕೊನೆಗೆ ರಾಜಿಯಾಗಿ, ಹಳೇ ಸೀರೆಯ ಒದ್ದೆ ಚೂರುಗಳನ್ನು ಅತ್ತೆಯ ಎರಡು ಕೈಗೂ ಬಳೆಗಳ ಮೇಲೆ ಬಿಗಿಯಾಗಿ ಸುತ್ತಿದರು. ಕೈ ಸುಟ್ಟುಕೊಂಡವಳ ಹಾಗೆ ಅವಳು ಮೈಕಿನ ಮುಂದೆ ಕೂತಳು. ಇದನ್ನು ನಾನು ಕಣ್ಣಾರೆ ಕಂಡೆ, ಯಾಕೆಂದರೆ ಪಕ್ಕದ ಮನೆಯ ಹಿತ್ತಲಿನಿಂದ ನುಸುಳಿ, ಅಡುಗೆಮನೆಯ ಏಣಿ ಹತ್ತಿ, ಅಷ್ಟು ಹೊತ್ತಿಗೆ ಅಟ್ಟದ ಮೇಲೆ ಕಾಯಿಗಳ ನಡುವೆ ಬೋರಲು ಮಲಗಿದ್ದೆ. ಅತ್ತೆ ಅಲ್ಲಾಡುವ ಹಾಗಿರಲಿಲ್ಲ, ಮೈಕಿನಿಂದ ಒಂದು ಗೇಣು ದೂರದಲ್ಲೇ ಬಾಯಿ ಇರಬೇಕು. ಮಂಜಣ್ಣ ಒಂದೊಂದು ಹಾಡನ್ನೂ ಮೂರು ಮೂರು ಸಲ ಹಾಡಿಸಿದ, ಮೂರರಲ್ಲಿ ಚೆನ್ನಾದ ತುಣುಕು ಆರಿಸಿ ಅಂಟಿಸುತ್ತಾನಂತೆ. ಹಿಂದಿನ ದನಿಗೆ ಹೆಂಗಸರನ್ನು ಕರೆದಿರಲಿಲ್ಲ, ಗಲಾಟೆಯಾಗುತ್ತದೆ ಎಂದು. ಅತ್ತೆ ಹಾಡಿದ್ದನ್ನು ಒಂದು ಯಂತ್ರದಲ್ಲಿ ಹಾಕಿ, ಅದಕ್ಕೆ ಅತ್ತೆಯೇ ಹಿಂದಿನ ದನಿ ಕೊಡಬೇಕು. ಹೇಳುವವಳೂ ಅವಳೇ, ತಿರುಗಿ ಹೇಳುವವಳೂ ಅವಳೇ. ಎರಡು ಸಾಲಿನ ನಡುವೆ ಅವಳು ಮೊದಲಿನ ಹಾಗೆ ಯಾರದೋ ಮುಖಕ್ಕೆಂದು ಕಣ್ಣೆತ್ತಿದಳು. ಎದುರಿಗೆ ಇದ್ದದ್ದು ಮೊಣಕಾಲಿನ ಮೇಲೆ ಮೆಷಿನ್ನಿಟ್ಟುಕೊಂಡು ಮುಳ್ಳು ನೋಡುತ್ತಿದ್ದ ಮಂಜಣ್ಣ. ಅವಳು ಕಣ್ಣು ಮುಚ್ಚಿಕೊಂಡಳು.

ಹಸೆಯ ಹಾಡು ಬಂತು. 'ಎದ್ದು ಬಾರೆ ಹಸೆಗೆ, ಮುದ್ದು ಮೊಗದ ಮಗಳೆ' ಎಂಬ ಸಾಲು ಮುಗಿಯುವ ಹೊತ್ತಿಗೆ ನನ್ನ ಕಾಲು ಜುಮ್ಮೆಂದಿತು. ಸ್ವಲ್ಪ ಚಾಚಿದೆ. ಒಂದು ಕಾಯಿ ಉರುಳಿತು, ಗಡಗಡ ಎಂದು ಪಟ್ಟಿಗಳ ಮೇಲೆ ಹೋಗಿ ಗೋಡೆಗೆ ಡಬ್ಬೆಂದು ಬಡಿಯಿತು. ಹೆದರಿ ಕಣ್ಣು ಮುಚ್ಚಿಕೊಂಡೆ. ಅತ್ತೆ ಹಾಡು ನಿಲ್ಲಿಸಲಿಲ್ಲ, 'ಯಾರ ಬೆನ್ನಿನ ಮರೆಗೆ ಅಡಗಿ ಕುಂತೆ' ಎಂದು ಮುಂದಿನ ಸಾಲಿಗೆ ಹೋದಳು. ಹಾಡು ಮುಗಿದ ಮೇಲೆ ಅಪ್ಪ ಇಲಿಯನ್ನು ಶಪಿಸಿದ. ಇನ್ನೊಮ್ಮೆ ಹಾಡಲಾ ಎಂದಳು ಅತ್ತೆ. ಮಂಜಣ್ಣ ತಿರುಗಿಸಿ ಕೇಳಿ, ತಲೆ ಕೆರೆದುಕೊಂಡ.

"ಕಾಯಿ ಸದ್ದು ಇದ್ರೆ ಇರ್ಲಿ ಬಿಡಕ್ಕ. ಇದಾದ್ಮೇಲಿನ್ ಸಾಲು ಎಷ್ಟ್ ಚೆನ್ನಾಗ್ ಬಂದದೆ! ಮತ್ತೆ ಹಿಂಗೆ ಬರಕ್ಕಿಲ್ಲ."

ಕ್ಯಾಸೆಟ್ಟು ತಯಾರಾಗಿ ಬಂದ ದಿನ ಅಮ್ಮ ಒಬ್ಬಟ್ಟು ಮಾಡಿದ್ದಳು. ಉಪ್ಪಿನ ಡಬ್ಬಿ ಕೂಡ ಅವತ್ತು ಅತ್ತೆ ಹೇಳಿದ ಕಡೆಗೇ ಇತ್ತು. ಮಂಜಣ್ಣ ತಂದ ಟೇಪ್ ರೆಕಾರ್ಡರನ್ನು ನಡುಮನೆಯ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿ ಗುಂಡಿ ಒತ್ತಿದೆವು. ದನಿ ಬಂತು. ಸಣ್ಣಗೆ, ನುಣ್ಣಗೆ, ಒಂದು ಕಡೆ ಕೂಡ ತಪ್ಪಿಲ್ಲದೆ, ಏದುಸಿರಿಲ್ಲದೆ. ಮಂಜಣ್ಣ ಅದಕ್ಕೆ ಅಂಗಡಿಯಲ್ಲಿ ಕೂತು ಗುಯ್ ಎನ್ನುವ ಮಾರ್ದನಿಯನ್ನೂ ಬೆರೆಸಿದ್ದ. ಮನೆಯಲ್ಲಿ ಸಹಜವಾಗಿದ್ದ ಮಾರ್ದನಿಯನ್ನು ನಾರಿನಲ್ಲಿ ಹೀರಿಸಿ, ಆಮೇಲೆ ಯಂತ್ರದಲ್ಲಿ ಮತ್ತೆ ಸುರಿಯುವುದು ಯಾವ ಬುದ್ಧಿ ಎಂದು ಈಗ ಕೇಳಬಹುದು, ಆಗ ನಾವು ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಅಜ್ಜಿ ಕಂಬಕ್ಕೆ ತಲೆಯಾನಿಸಿ ಕೇಳುತ್ತಿದ್ದಳು. ಹಸೆಯ ಹಾಡಿನಲ್ಲಿ ಕಾಯಿ ಉರುಳಿತು. ಅಜ್ಜಿಯ ಮುಖ ಅರಳಿತು.

"ಆ ಕಾಯಿ ಉಳ್ಳಿದ್ದು ನಮ್ ಅಟ್ಟದ್ದೇ ಕಣೆ! ಹಾಡ್ತಿರೋಳು ಯಾರು? ಚೆನ್ನಾಗ್ ಹಾಡ್ತಾಳೆ, ಪಾಪ."

ಅಪ್ಪ ಗಟ್ಟಿಯಾಗಿ ನಕ್ಕ, ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು, ನಾನೂ ನಕ್ಕೆ. ಗಿರಿಜತ್ತೆ ನಗಲಿಲ್ಲ. ಒಬ್ಬಟ್ಟಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೆತ್ತ ತಾಯಿಗೆ ಮನೆಯ ಕಾಯಿಯ ಸದ್ದು ಸಿಕ್ಕಿತು, ಮಗಳ ದನಿ ಸಿಗಲಿಲ್ಲ. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಬೇಲೂರಿನವರೆಗೆ ಹೋಗಬೇಕಾಯಿತು.

ಬೇಲೂರಿನಲ್ಲಿ ಅಪ್ಪನ ದಾಯಾದಿಯ ಮಗಳ ಮದುವೆ. ಹಸೆಯ ಹಾಡಿಗೆ ಅತ್ತೆಯನ್ನು ಮೂರು ತಿಂಗಳು ಮುಂಚೆಯೇ ಕರೆದಿದ್ದರು. ಅಲ್ಲಿ ನಾನು ಮಾಡಿದ ಕೆಲಸ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಬೆಳಿಗ್ಗೆಯೇ ಮೈಕ್ ಸೆಟ್ಟಿನವನ ಹತ್ತಿರ ಹೋಗಿ ಕ್ಯಾಸೆಟ್ಟು ಕೊಟ್ಟು, ಇದರಲ್ಲಿರುವುದು ನಮ್ಮತ್ತೆ ಎಂದು ಜಂಬ ಕೊಚ್ಚಿದೆ. ಅವನು ಹಾಕಿದ. ತಿಂಡಿ ತಿನ್ನುತ್ತಿದ್ದವರೆಲ್ಲ ಯಾರಮ್ಮ ಇದು, ಎಷ್ಟು ಇಂಪಾಗಿದೆ ಎಂದರು. ನಾನು ಅಂಗಳದಲ್ಲೆಲ್ಲ ಓಡಾಡಿ ಪ್ರಚಾರ ಮಾಡಿದೆ. ಹೀಗೆ ಒಂದು ಬೆಳಗಿನಲ್ಲಿ ಇಡೀ ಛತ್ರದ ಕಿವಿಯನ್ನು ನಾನೇ ಕೈಯಾರೆ ಕೆಡಿಸಿಟ್ಟೆ.

ಹಸೆಯ ಹೊತ್ತಿಗೆ ಅತ್ತೆ ಎದ್ದು ಮುಂದೆ ಬಂದಳು. ನೋಡಿದರೆ ಬಲಗೈಯ ಬಳೆಗಳಿಗೆ ಅವಳೇ ಕರ್ಚೀಫು ಸುತ್ತಿಕೊಂಡಿದ್ದಾಳೆ. ಚೆನ್ನಾಗಿ ಹಾಡುವುದೆಂದರೆ ಹೀಗೆ ಎಂದು ಅವಳೂ ನಂಬಿಬಿಟ್ಟಿದ್ದಳು. ಯಾರೋ ಮುಖಕ್ಕೆ ಮೈಕು ಹಿಡಿದರು, ಅದು ಕುಯ್ಯೆಂದು ಕೂಗಿತು. ತಗಡಿನ ಛಾವಣಿಯ ಛತ್ರ, ಮುನ್ನೂರು ಜನರ ಗಲಾಟೆ, ಅಡುಗೆಮನೆಯಲ್ಲಿ ಕೊಪ್ಪರಿಗೆ ಎಳೆದಾಟ. 'ಎದ್ದು ಬಾರೆ ಹಸೆಗೆ' ಎಂದು ಅವಳು ಶುರು ಮಾಡಿದ್ದು ಕ್ಯಾಸೆಟ್ಟಿನ ಎತ್ತರಕ್ಕೆ, ಅದು ಒಂಟಿಯಾಗಿ ಕೂತು ಹಾಡುವ ಎತ್ತರ. ಇಲ್ಲಿ ಅದು ಮೊದಲ ಸಾಲಿನ ಕೊನೆಗೇ ಒಡೆಯಿತು. ಹೆಂಗಸರು ಹಿಂದಿನ ದನಿ ಹಿಡಿಯಲಿಲ್ಲ. ಹಿಡಿಯುವುದೆಲ್ಲಿ ಎಂದು ಅವರಿಗೆ ತಿಳಿಯಲಿಲ್ಲ, ತಾಳಕ್ಕೆ ಬಳೆಯ ಸದ್ದೇ ಇರಲಿಲ್ಲ. ಮದುಮಗಳ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಕೆಟ್ಟ ಮನಸ್ಸಿನಿಂದಲ್ಲ, ಅತ್ತೆಗೆ ಆಯಾಸವಾಗುತ್ತಿದೆ ಎಂದೇ ಇರಬೇಕು, ಮೈಕಿನವನಿಗೆ ಹೇಳಿದಳು.

"ಪಾಪ, ಅವ್ರಿಗ್ ಆಗ್ತಿಲ್ಲ ಕಣ್ರೀ. ಕ್ಯಾಸೆಟ್ಟೇ ಹಾಕ್ಬಿಡಿ, ಅದ್ರಲ್ಲೇ ಚೆನ್ನಾಗೈತೆ."

ಅವನು ಹಾಕಿಬಿಟ್ಟ. ಅತ್ತೆಯ ಬಾಯಿ ಇನ್ನೂ ತೆರೆದಿತ್ತು, ಹಾಡು ಮಾತ್ರ ತಲೆಯ ಮೇಲಿನ ಸ್ಪೀಕರಿನ ಕಹಳೆಯಿಂದ ಬರತೊಡಗಿತು. ಕಾಯಿ ಉರುಳುವ ಕಡೆ ಛತ್ರವೇ ನಡುಗುವಂತೆ ಗುಡುಗಿತು, ಅರ್ಧ ಜನ ಬೆಚ್ಚಿ ಛಾವಣಿ ನೋಡಿದರು. ಅತ್ತೆ ಕರ್ಚೀಫು ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಗಸರ ಹಿಂದಿನ ಸಾಲಿಗೆ ಹೋಗಿ ಕೂತಳು. ಮದುಮಗಳು ಕ್ಯಾಸೆಟ್ಟಿನ ಕರೆಗೇ ಎದ್ದು ಹಸೆಗೆ ಬಂದಳು. ಊಟಕ್ಕೆ ಮುಂಚೆ ಕೊಡುವ ಮೊದಲ ತಾಂಬೂಲವನ್ನು ಅವಸರದಲ್ಲಿ ಬೇರೆ ಯಾರಿಗೋ ಕೊಟ್ಟರು.

ವಾಪಸ್ಸು ಬರುವಾಗ ಬಸ್ಸು ಹಳೇಬೀಡಿನಲ್ಲಿ ಕೆಟ್ಟು ನಿಂತಿತು. ರಿಪೇರಿಯಾಗುವವರೆಗೆ ದೇವಸ್ಥಾನ ನೋಡಿ ಬರೋಣ ಎಂದು ಅಪ್ಪ ಕರೆದುಕೊಂಡು ಹೋದ. ಶಿಲ್ಪ ನೋಡುವ ತಾಳ್ಮೆ ನನಗಿರಲಿಲ್ಲ. ಒಳಗಿನ ತಣ್ಣನೆಯ ಕಂಬಗಳ ನಡುವೆ ನಿಂತು ಓ ಎಂದೆ. ನನ್ನ ಸಣ್ಣ ದನಿ ದೊಡ್ಡವರ ದನಿಯಾಗಿ ತಿರುಗಿ ಬಂತು. ಕಲ್ಲಿನಲ್ಲಿ ಹೀಗೆ, ತಗಡಿನಡಿ ಹಾಗೆ, ಕಾಯಿಯ ಕೆಳಗೆ ಇನ್ನೊಂದು ಥರ. ತಲೆಯೊಳಗೆ ಏನೋ ಹೊತ್ತಿಕೊಂಡ ಹಾಗಾಯಿತು. ಓಡಿ ಹೋಗಿ ಅತ್ತೆಯ ಕೈ ಹಿಡಿದೆಳೆದೆ, ಇಲ್ಲಿ ಒಂದೇ ಒಂದು ಸಾಲು ಹಾಡು ಎಂದೆ.

"ನಾನ್ಯಾಕೆ ಮಗ? ಕ್ಯಾಸೆಟ್ ಐತಲ್ಲ."

ಅಷ್ಟೇ ಅಂದಳು. ಅಲ್ಲಿಂದ ಮುಂದೆ ಅವಳು ಹಾಡಲಿಲ್ಲ. ಬಾವಿಕಟ್ಟೆಯಲ್ಲಿ ರಾಟೆ ಮಾತ್ರ ಕಿರುಗುಟ್ಟುತ್ತಿತ್ತು. ಕರೆಯಲು ಬರುವವರೂ ಕಡಿಮೆಯಾದರು, ಕುಂಕುಮದ ಬಟ್ಟಲಿನ ಬದಲು ಕ್ಯಾಸೆಟ್ಟು ಕೇಳಿಕೊಂಡು ಮಂಜಣ್ಣನ ಅಂಗಡಿಗೆ ಹೋದರು. ಉಪ್ಪಿನ ಡಬ್ಬಿಯನ್ನು ಅಮ್ಮ ಇಟ್ಟ ಕಡೆಗೇ ಬಿಟ್ಟಳು ಅತ್ತೆ, ಜಗಳ ನಿಂತಿತು, ಅಮ್ಮನಿಗೇ ಅದು ಸಂಕಟವಾಯಿತು. ನಡುವೆ ಒಂದು ದಿನ ಅಪ್ಪನ ಮುಂದೆ ನಿಂತು, ಈ ಸಲ ಕಾಯಿ ಇಳಿಸಿದ ಮೇಲೆ ಕಣಕಟ್ಟೆಯ ತೋಟದ ಮನೆಗೆ ಹೋಗಿ ಇದ್ದುಬಿಡುತ್ತೇನೆ, ಇಲ್ಲಿ ನನ್ನಿಂದ ಏನಾಗಬೇಕಿದೆ ಎಂದಳು. ಅಪ್ಪ ಒಂದು ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾ ಕೂತ.

ತಪ್ಪೆಲ್ಲ ನನ್ನದು ಎಂದು ನನಗೆ ಗೊತ್ತಿತ್ತು. ಆದರೆ ನಾನು ದುಃಖ ಬಂದರೂ ಪ್ರಶ್ನೆ ಕೇಳುವ ಜಾತಿ. ಒಬ್ಬಳೇ ಹೆಂಗಸಿಗೆ ಎರಡು ದನಿ ಹೇಗೆ? ಅದರಲ್ಲಿ ಯಾವುದು ನಿಜ? ಬಚ್ಚಲಿನಲ್ಲಿ ಹಂಡೆಯೊಳಗೆ ತಲೆ ಹಾಕಿ ಹಾಡಿದೆ. ಬಾವಿಯೊಳಗೆ ಬಗ್ಗಿ ಹಾಡಿದೆ, ಅಮ್ಮ ಜುಟ್ಟು ಹಿಡಿದು ಎಳೆದಳು. ಕಂಬಳಿ ಮುಸುಕು ಹಾಕಿಕೊಂಡು ಹಾಡಿದೆ. ಮಂಜಣ್ಣನನ್ನು ಪೀಡಿಸಿ ನನ್ನ ದನಿಯನ್ನೂ ಟೇಪಿನಲ್ಲಿ ಹಿಡಿಸಿಕೊಂಡು ಕೇಳಿ, ಇಷ್ಟು ಕೀರಲು ದನಿಯ ಹುಡುಗಿ ಯಾರು ಎಂದು ಗಾಬರಿಯಾದೆ. ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿದರೆ ಅವರು ನನ್ನ ತಲೆಬುರುಡೆ ಕುಟ್ಟಿ ತೋರಿಸಿದರು. ನಮ್ಮ ದನಿ ನಮಗೆ ಎಲುಬಿನೊಳಗಿಂದಲೂ ಕೇಳುತ್ತದೆ, ಮಿಕ್ಕವರಿಗೆ ಗಾಳಿಯಿಂದ ಮಾತ್ರ, ಅದಕ್ಕೇ ಟೇಪಿನಲ್ಲಿ ನಾವು ಬೇರೆಯವರು ಎಂದರು. ಚೆನ್ನಾಗಿದೆ, ಆದರೆ ಅಜ್ಜಿ ಅತ್ತೆಯ ಎಲುಬಿನೊಳಗೆ ಕೂತಿರಲಿಲ್ಲವಲ್ಲ, ಅವಳಿಗ್ಯಾಕೆ ಬೇರೆ ಕೇಳಿತು ಸಾರ್ ಎಂದೆ. ಮೇಷ್ಟರು ಬೆಲ್ ಹೊಡೆಯಿತು ಎಂದು ಹೊರಟುಹೋದರು.

ಮೊನ್ನೆ ನನ್ನ ಮೊಮ್ಮಗಳು ತನ್ನ ಮೆಚ್ಚಿನ ಗಾಯಕನ ಕಾರ್ಯಕ್ರಮಕ್ಕೆಂದು ಹೋದವಳು ಮುಖ ಊದಿಸಿಕೊಂಡು ಬಂದಳು. ಫೋನಿನಲ್ಲಿ ಕೇಳುವ ಹಾಗೆ ಹಾಡಲೇ ಇಲ್ಲ, ಎಲ್ಲ ಮೋಸ ಅಜ್ಜಿ ಎಂದಳು. ಮೇಡಮ್ಮಿನ ಬುದ್ಧಿ ಎಲ್ಲಿ ಹೋಗುತ್ತದೆ, ಕೂರಿಸಿಕೊಂಡು ಪಾಠ ಮಾಡಿದೆ. ಸ್ಟುಡಿಯೋದಲ್ಲಿ ಹತ್ತು ಸಲ ಹಾಡಿ ಒಂದನ್ನು ಆರಿಸುತ್ತಾರೆ, ಉಸಿರಿನ ಸದ್ದು ಅಳಿಸುತ್ತಾರೆ, ಜಾರಿದ ಸ್ವರವನ್ನು ಎತ್ತಿ ಕೂರಿಸುತ್ತಾರೆ. ವೇದಿಕೆಯಲ್ಲಿ ಹಾಡುವವನಿಗೆ ಒಂದೇ ಸಲ, ಅದೂ ಓಡಾಡಿಕೊಂಡು, ಬೆವರಿಕೊಂಡು, ಸಭಾಂಗಣದ ಗೋಡೆ ಹೇಳಿದ ಹಾಗೆ ಕೇಳಿಕೊಂಡು. ಅವಳು ಹೂಂ ಹೂಂ ಎಂದಳು. ನಾನು ಹೇಳಿದ್ದೆಲ್ಲ ಸರಿಯೇ. ಆದರೂ ಏನೋ ಬಿಟ್ಟು ಹೇಳಿದೆ ಎಂದು ಆಮೇಲೆ ಅನ್ನಿಸಿತು. ಬಿಟ್ಟದ್ದನ್ನು ನನಗೆ ಕಲಿಸಿದವಳು ಗಿರಿಜತ್ತೆ.

ಆ ವರ್ಷ ಕಾಯಿ ಇಳಿಸುವ ಕಾಲ ಬಂತು. ಮೂರು ದಿನ ಸುಲಿಯುವವರು ಹಿತ್ತಲಲ್ಲಿ ಮಟ್ಟೆಯ ರಾಶಿ ಹಾಕಿದರು, ಕೊಬ್ಬರಿ ತುಂಬಿದ ಚೀಲಗಳು ಹೋದವು. ಅಟ್ಟ ಬೋಳಾಯಿತು. ನಾಲ್ಕನೆಯ ದಿನ ಬೆಳಗ್ಗೆ ಅತ್ತೆಯ ಟ್ರಂಕು ನಡುಮನೆಯ ಬಾಗಿಲಿಗೆ ಬಂದು ಕೂತಿತ್ತು, ಮಧ್ಯಾಹ್ನದ ಬಸ್ಸಿಗೆ ಕಣಕಟ್ಟೆಗೆ ಹೊರಡುವವಳು. ಹೋಗುವ ಮುಂಚೆ ಅಟ್ಟ ಗುಡಿಸಿ ಹೋಗುತ್ತೇನೆ ಎಂದು ಪೊರಕೆ ಹಿಡಿದು ಹತ್ತಿದ್ದಳು. ನಾನು ಕೆಳಗೆ ನಿಂತು ಅತ್ತೇ ಎಂದು ಕೂಗಿದೆ. ನಾನೇ ಬೆಚ್ಚಿದೆ, ಮನೆ ನನ್ನ ಜೊತೆ ಕೂಗಿತು. ಚಪ್ಪಾಳೆ ತಟ್ಟಿದೆ, ಗೋಡೆಯಿಂದ ಗೋಡೆಗೆ ಹೋಗಿ ಬಂತು. ಹಳೇಬೀಡು ಮನೆಯೊಳಗೇ ಬಂದುಬಿಟ್ಟಿತ್ತು. ಏಣಿ ಹತ್ತಿ ಹೋದೆ. ಅತ್ತೆ ನಾರಿನ ಧೂಳಿನ ನಡುವೆ ಬಗ್ಗಿ ಗುಡಿಸುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಯಾರೂ ಕೇಳದೆಯೇ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಅತ್ತೆ, ಅವತ್ತು ಕಾಯಿ ಉಳ್ಳಿಸಿದ್ದು ಇಲಿ ಅಲ್ಲ. ನಾನು."

ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೆ. ಸಂದಿಯಿಂದ ನಿನ್ ಕಾಲ್ಬೆರಳು ಕಾಣ್ತಿತ್ತು. ಇಲಿಗೆ ಕಾಲುಂಗ್ರ ಬ್ಯಾರೆ ಇಕ್ತಾರಾ ಅನ್ಕೊಂಡೆ."

ಜಾತ್ರೆಯಲ್ಲಿ ಕೊಂಡ ಹಿತ್ತಾಳೆ ಉಂಗುರವೊಂದನ್ನು ಆಗ ನಾನು ಕಾಲಿಗೆ ಹಾಕಿಕೊಂಡು ಮೆರೆಯುತ್ತಿದ್ದೆ.

"ಮತ್ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ ಇಳಿಸ್ಬಿಡೋರು. ಅಷ್ಟೊತ್ತಿಂದ ಗೋಡೆಗ್ ಹಾಡ್ದಂಗ್ ಹಾಡ್ತಿದ್ದೆ. ನಿನ್ ಕಾಲು ಕಂಡ್ಮೇಲೆ, ಸದ್ಯ, ಒಬ್ಳಾರ ಅವ್ಳಲ್ಲ ಕೇಳಕ್ಕೆ ಅನ್ನಿಸ್ತು. ಯಾರ ಬೆನ್ನಿನ ಮರೆಗೆ ಅಡಗಿ ಕುಂತೆ ಅಂದಿದ್ದು ನಿಂಗೇ."

ಮಂಜಣ್ಣ ಚೆನ್ನಾಗಿ ಬಂತು ಎಂದು ಇಟ್ಟುಕೊಂಡ ಸಾಲು. ನಾನು ಆ ಕ್ಯಾಸೆಟ್ಟನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ಈಗಲೂ ನನ್ನ ಹತ್ತಿರ ಇದೆ. ಗಡಗಡ ಡಬ್ ಆದ ಮೇಲಿನ ಆ ಒಂದು ಸಾಲಿನಲ್ಲಿ ದನಿಯ ಅಡಿಯಲ್ಲಿ ನಗು ತಡೆದುಕೊಂಡದ್ದು ಕೇಳುತ್ತದೆ, ಮುಖವೆತ್ತಿ ಹಾಡಿದ್ದು ಕೇಳುತ್ತದೆ. ಇಡೀ ಕ್ಯಾಸೆಟ್ಟಿನಲ್ಲಿ ಗಿರಿಜತ್ತೆ ಇರುವುದು ಅಲ್ಲಿ ಮಾತ್ರ. ಆದರೆ ಅವತ್ತು ಅಟ್ಟದ ಮೇಲೆ ನನಗೆ ಇಷ್ಟೆಲ್ಲ ತೋಚಲಿಲ್ಲ. ಬಾಗಿಲಲ್ಲಿ ಟ್ರಂಕು ಕೂತಿತ್ತು, ಹೊತ್ತು ಹೋಗುತ್ತಿತ್ತು. ಏಣಿ ಇಳಿದು ಓಡಿ ನಡುಮನೆಯ ನಡುವೆ ಕುಕ್ಕರಗಾಲಿನಲ್ಲಿ ಕೂತು, ಎರಡು ಕೈಯಿಂದ ಮುಖ ಮುಚ್ಚಿಕೊಂಡು, ಮೇಲಕ್ಕೆ ಕೂಗಿದೆ.

"ಅತ್ತೇ, ನಾನ್ ಅಡಗ್ ಕುಂತಿದೀನಿ. ಕರಿ! ಕರ್ದ್ರೇ ಏಳೋದು, ಇಲ್ದಿದ್ರೆ ಬಸ್ ಹೋಗೋವರ್ಗೂ ಇಲ್ಲೇ!"

ಮೇಲೆ ಪೊರಕೆ ನಿಂತಿತು. ಏಣಿ ಕಿರುಗುಟ್ಟಿತು. ಬೆರಳ ಸಂದಿನಿಂದ ನೋಡಿದರೆ ಅತ್ತೆ ಧೂಳು ಮೆತ್ತಿದ ಸೀರೆಯಲ್ಲೇ ಎದುರಿಗೆ ಬಂದು ಕೂತಿದ್ದಾಳೆ. ಬಳೆಗಳ ಮೇಲೆ ಬಟ್ಟೆಯಿಲ್ಲ, ಏನೂ ಇಲ್ಲ. ಬೇಲೂರಿನಲ್ಲಿ ಅವಳ ಬಾಯಿಂದ ಕಿತ್ತುಕೊಂಡ ಹಾಡಿನಲ್ಲಿ ಹಾಡದೆ ಉಳಿದಿದ್ದ ಸಾಲನ್ನು ಮೆಲ್ಲಗೆ ಬಿಟ್ಟಳು.

'ಅಡಗಿ ಕುಂತರು ನಿನ್ನ ಬಳೆಯ ಸದ್ದನು ಕೇಳಿ...'

ಮನೆ ಅದನ್ನು ಹೇಗೆ ತೆಗೆದುಕೊಂಡಿತು ಎಂದು ಒಂದು ಗಳಿಗೆ ಕೇಳಿಸಿಕೊಂಡಳು. ಹೆಂಗಸರು ಹಿಂದಿನ ದನಿ ಹಿಡಿಯಬೇಕಾದ ಜಾಗ ಅದು. ಆ ಸಂದಿನಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಬಂತು. ಅಮ್ಮನಿಗೆ ಹಾಡಲು ಬರುತ್ತಿರಲಿಲ್ಲ, ಸೌಟಿನಿಂದ ಪಾತ್ರೆಯ ಕಂಠ ಬಡಿಯುತ್ತಾ ಒಂದು ಸ್ವರ ಕೆಳಗೇ ಹೇಳಿದಳು. ಅತ್ತೆ ನಕ್ಕಳು. ದನಿ ಏರಿಸಿದಳು, ಬಳೆಗಳು ತಾಳಕ್ಕೆ ಬಂದವು, ದನಿ ಒಂದು ಕಡೆ ಒಡೆಯಿತು, ಒಡೆದ ಕಡೆಯಿಂದಲೇ ಮೇಲಕ್ಕೆ ಹೋಯಿತು.

'ಕರೆಯ ಬಂದೆನೆ ನಾನು, ಕೈಯ ನೀಡೆ...'

ನಾನು ಮುಖದಿಂದ ಕೈ ತೆಗೆದು ನೀಡಿದೆ. ಅಷ್ಟರಲ್ಲಿ ಜಗಲಿಯಲ್ಲಿ ಅಜ್ಜಿಯ ಕೋಲು ಟಕಟಕ ಎಂದಿತು. ಗೋಡೆ ತಡವಿಕೊಂಡು ಹೊಸಿಲವರೆಗೆ ಬಂದು, ಟ್ರಂಕಿಗೆ ಎಡವಿ, ಅದರ ಮೇಲೇ ಕೂತುಬಿಟ್ಟಳು.

"ಗಿರ್ಜೀ, ಯಾವಾಗ್ ಬಂದ್ಯೆ? ಇಷ್ಟ್ ದಿನ ಎಲ್ಲಿಗ್ ಹೋಗಿದ್ದೆ?"

ಅತ್ತೆ ನನ್ನ ಕೈ ಬಿಡಲಿಲ್ಲ.

"ಕ್ಯಾಸೆಟ್ಟಿಗ್ ಹೋಗಿದ್ದೆ ಕಣವ್ವ," ಅಂದಳು. "ಬಂದೆ."